ಬಾಯಿ ಹುಣ್ಣಾಗಿ ಬರುತ್ತಿದ್ದ ಅಕ್ಕ

ನಾನು ಮಾತುಗಾತಿ. ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಅಲ್ಲಿನವರು ನನಗೆ ರೇಡಿಯೊ ಎಂದು ಹೆಸರಿಟ್ಟಿದ್ದರು. ಸಿಟ್ಟು ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ, ಎರಡೂ ಒಟ್ಟಿಗೇ ಹೊರಬೀಳುವ ಸ್ವಭಾವ. ಇಂಥವಳ ಬಾಯಿ ತಿಂಗಳಲ್ಲಿ ಹದಿನೈದು ದಿನ ಮುಚ್ಚಿಯೇ ಇರುವಂತಾದಾಗ ಕಚೇರಿಯ ಗಂಡಸರು ಗುಟ್ಟಾಗಿ ಯಾವುದಾದರೂ ದೇವರಿಗೆ ಕಾಯಿ ಒಡೆಸಿದ್ದರೂ ಒಡೆಸಿರಬಹುದು. ನನಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ.

ನನ್ನ ತವರು ಸುರಪುರ. ಮದುವೆ ತಡವಾಗಿ ಆಯಿತು. ಶಹಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ನನ್ನ ಗಂಡನಿಗೆ ಅದು ಎರಡನೆಯ ಮದುವೆ. ಮೊದಲ ಹೆಂಡತಿ ಜ್ವರದಲ್ಲಿ ತೀರಿಹೋಗಿದ್ದಳು. ಅವಳ ಮಗಳು ಆಗ ಎರಡನೇ ಕ್ಲಾಸಿನಲ್ಲಿದ್ದಳು. ಮನೆಯಲ್ಲಿ ಅತ್ತೆ, ಗಂಡ, ಆ ಹುಡುಗಿ, ನಾನು. ಇನ್ನೊಬ್ಬಳೂ ಇದ್ದಳು ಎನ್ನುವುದು ಹೋದ ದಿನವೇ ಗೊತ್ತಾಯಿತು.

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಎರಡನೆಯ ಸಂಬಂಧದವಳ ಕೊರಳಿಗೆ ತಾಳಿಯ ಜೊತೆ ಒಂದು ಬೆಳ್ಳಿ ಬಿಲ್ಲೆ ಕಟ್ಟುತ್ತಾರೆ. ಅದರ ಮೇಲೆ ಹೆಣ್ಣಿನ ಸಣ್ಣ ಮೂರ್ತಿ ಒತ್ತಿರುತ್ತದೆ. ಅದು ಸತ್ತುಹೋದ ಮೊದಲನೆಯವಳು. ಅವಳನ್ನು ಅಕ್ಕ ಎನ್ನಬೇಕು. ಹೊಸ ಸೀರೆ ಬಂದರೆ ಮೊದಲು ಅಕ್ಕನಿಗೆ ಮುಟ್ಟಿಸಿ ಆಮೇಲೆ ಉಡಬೇಕು. ಊಟಕ್ಕೆ ಕುಳಿತರೆ ಮೊದಲ ತುತ್ತನ್ನು ಬಿಲ್ಲೆಗೆ ಮುಟ್ಟಿಸಿ ಬಾಯಿಗಿಡಬೇಕು. ಅಮಾವಾಸ್ಯೆಗೆ ಅವಳಿಗೊಂದು ಎಡೆ. ನನ್ನ ಗೆಳತಿಯರಿಗೆ ಹೇಳಿದರೆ ಈ ಕಾಲದಲ್ಲೂ ಇದೆಲ್ಲ ಇದೆಯೇ ಎಂದು ಕಣ್ಣು ಅಗಲಿಸುತ್ತಾರೆ. ಮೊಬೈಲಿನಲ್ಲಿ ಹಣ ಕಳಿಸುವ ನನ್ನ ಗಂಡನೇ ಅಕ್ಕಸಾಲಿಗನ ಹತ್ತಿರ ನಿಂತು ಆ ಬಿಲ್ಲೆ ಮಾಡಿಸಿದ್ದು.

ಮದುವೆಯ ದಿನ ಬೆಳಿಗ್ಗೆಯಿಂದ ಉಪವಾಸವಿದ್ದು ನನಗೆ ತಲೆ ಸುತ್ತು ಬಂತು. ಗಂಡನ ಸೋದರತ್ತೆ ಓಡಿಬಂದು ಹೋಳಿಗೆಯ ಒಂದು ಚೂರನ್ನು ನನ್ನ ಬಾಯಿಗೆ ತುರುಕಿದರು. ಪಾಪ, ಪ್ರೀತಿಯಿಂದಲೇ ತುರುಕಿದರು. ಅದು ಗಂಟಲಿಗೆ ಇಳಿದ ಮೇಲೆ ಯಾರಿಗೋ ನೆನಪಾಯಿತು, ಬಿಲ್ಲೆಗೆ ಮುಟ್ಟಿಸಿರಲಿಲ್ಲ. ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದರು.

ಒಂದೆರಡು ತಿಂಗಳಿಗೆ ಹುಣ್ಣುಗಳು ಬಂದವು. ಮೊದಲು ನಾಲಿಗೆಯ ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ, ಮಧ್ಯ ಬಿಳಿ, ಸುತ್ತ ಕೆಂಪು ಗೆರೆ. ಆಮೇಲೆ ಕೆನ್ನೆಯ ಒಳಗೆ, ತುಟಿಯ ಒಳಗೆ, ಗಂಟಲ ಹತ್ತಿರ. ಒಂದು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಪುಂಡಿ ಸೊಪ್ಪಿನ ಹುಳಿ ಪಲ್ಯ ತಾಗಿದರೆ ಜೀವ ಹೋಗುತ್ತಿತ್ತು. ಖಾರದ ಶೇಂಗಾ ಹಿಂಡಿಯನ್ನು ದೂರದಿಂದ ನೋಡಿ ಜೊಲ್ಲು ನುಂಗುವುದು, ಆ ಜೊಲ್ಲೂ ಉರಿಯುವುದು. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಹಲ್ಲಿಲ್ಲದ ಮುದುಕಿಯ ಹಾಗೆ ನುಂಗುತ್ತಿದ್ದೆ.

ಅತ್ತೆ ಕೆಟ್ಟವರಲ್ಲ. ಮಲ್ಲಿಗೆ ಎಲೆ ಅಗಿಯಲು ಕೊಟ್ಟರು, ಗುಲ್ಕಂದ ತಂದರು, ತಮ್ಮ ಕೈಯಾರೆ ತುಪ್ಪ ಹಚ್ಚಿದರು. ಯಾವುದೂ ನಾಟದಿದ್ದಾಗ ಒಂದು ದಿನ ಮೆತ್ತಗೆ ಹೇಳಿದರು.

“ಆ ದಿನ ಅಕೀನ ಬಿಟ್ಟು ನೀ ಸಿಹಿ ತಿಂದೆಲ್ಲವ್ವಾ, ಅದ ನೋಡು. ಅಕಿ ಬಾಯಾಗ ಬಂದು ಕುಂತಾಳ. ನಿನ್ನ ಮ್ಯಾಲ ಸಿಟ್ಟಿಲ್ಲ ಅಕಿಗೆ. ಹಸಿವಿ ಆಗ್ಯಾದ.”

ಸಿಟ್ಟು ಎಂದಿದ್ದರೆ ನಾನೂ ಸಿಟ್ಟಿನಿಂದ ಉತ್ತರ ಕೊಡುತ್ತಿದ್ದೆ. ಹಸಿವು ಎಂದುಬಿಟ್ಟರು. ಗಂಡನನ್ನು ಕೇಳಿದರೆ, “ಅವ್ವ ಹೇಳಿದಂಗ ಮಾಡು, ನಿಂದೇನ್ ಗಂಟು ಹೋಗೋದದ” ಎಂದು ಅಂಗಡಿಗೆ ಹೊರಟರು. ಅಲ್ಲಿಂದ ಮುಂದೆ ಪ್ರತಿ ತುತ್ತನ್ನೂ ಬಿಲ್ಲೆಗೆ ಮುಟ್ಟಿಸಿ ತಿನ್ನತೊಡಗಿದೆ. ಮೊದಮೊದಲು ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದೆ. ಆಮೇಲೆ ಹೆದರಿ ಮಾಡತೊಡಗಿದೆ.

ಹೌದು, ಹೆದರಿದೆ. ಆ ಮನೆಯ ತಂಬಿಗೆಗಳ ಮೇಲೆ, ತಾಟುಗಳ ಮೇಲೆ ಅವಳ ತವರಿನವರು ಕೊರೆಸಿದ ಅವಳ ಹೆಸರಿತ್ತು. ನೀರು ಕುಡಿಯುವಾಗಲೆಲ್ಲ ಆ ಅಕ್ಷರಗಳು ಬೆರಳಿಗೆ ತಾಗುತ್ತಿದ್ದವು. ರಜೆಯ ದಿನ ಮಧ್ಯಾಹ್ನ ಒಬ್ಬಳೇ ಅಡುಗೆಮನೆಯಲ್ಲಿ ಕುಳಿತು ಹಾಲುರೊಟ್ಟಿ ನುಂಗುತ್ತಿದ್ದರೆ, ನನ್ನ ಜೊತೆ ಇನ್ನೊಂದು ಬಾಯಿಯೂ ನುಂಗುತ್ತಿದೆ ಎನಿಸುತ್ತಿತ್ತು. ತಲೆ ಎತ್ತಿದರೆ ಬಿಸಿಲು, ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ. ಯಾರೂ ಇರುತ್ತಿರಲಿಲ್ಲ. ಮತ್ತೆ ತಲೆ ತಗ್ಗಿಸಿದರೆ ಮತ್ತೆ ಅದೇ. ಓದಿದವಳು, ಸರ್ಕಾರಿ ಕೆಲಸದವಳು ಎಂಬುದು ಆ ಹೊತ್ತಿನಲ್ಲಿ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ಈ ಸಂಕಟದಲ್ಲಿ ಒಂದು ಸುಖವಿತ್ತು. ಆ ಹುಡುಗಿ. ಅವಳು ನನ್ನನ್ನು ಚಿಗವ್ವ ಎನ್ನುತ್ತಿದ್ದಳು, ಅದೂ ಯಾರಾದರೂ ಒತ್ತಾಯ ಮಾಡಿದಾಗ. ಜಡೆ ಹಾಕಿಸಿಕೊಳ್ಳುವಾಗ ಗೋಡೆಯನ್ನು ನೋಡುತ್ತಿದ್ದಳು. ಊಟಕ್ಕೆ ಬಡಿಸಿದರೆ ತಾಟನ್ನು ನೋಡುತ್ತಿದ್ದಳು. ಆದರೆ ನನ್ನ ಬಾಯಲ್ಲಿ ಹುಣ್ಣೆದ್ದ ದಿನ ತಾನಾಗಿಯೇ ಹತ್ತಿರ ಬರುತ್ತಿದ್ದಳು.

“ಚಿಗವ್ವಾ, ಬಂದಾವೇನು? ಎಲ್ಲಿ ತೋರ್ಸು.”

ಮೊಬೈಲಿನ ಬೆಳಕು ಹಿಡಿದು, ನನ್ನ ಗದ್ದ ಎತ್ತಿ, ಬಾಯೊಳಗೆ ನೋಡುತ್ತಿದ್ದಳು. ತುಂಬ ಹೊತ್ತು ನೋಡುತ್ತಿದ್ದಳು. ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. “ಇಲ್ಲೊಂದದ, ಇಲ್ಲೊಂದದ” ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಆ ರಾತ್ರಿ ನನ್ನ ಪಕ್ಕದಲ್ಲೇ ಹಾಸಿಗೆ ಹಾಸಿಕೊಳ್ಳುತ್ತಿದ್ದಳು. ಹುಣ್ಣು ಮಾಯ್ದ ಮೇಲೆ ಮತ್ತೆ ಗೋಡೆ, ಮತ್ತೆ ತಾಟು. ನನ್ನ ನೋವು ಕಂಡು ಮಗು ಕರಗುತ್ತದೆ ಎಂದು ತಿಳಿದಿದ್ದೆ. ಆ ಉರಿಯಲ್ಲೂ ನನಗೆ ಖುಷಿಯಾಗುತ್ತಿತ್ತು. ವರ್ಷ ಮೂರು ಹೀಗೇ ಹೋದವು.

ಕೊನೆಗೆ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಾಕೆ ತಾಳ್ಮೆಗೆಟ್ಟಳು. ಅವಳ ಅಣ್ಣನಿಗೂ ಇಂಥದೇ ಇದ್ದು ಯಾದಗಿರಿಯ ಚರ್ಮದ ಡಾಕ್ಟರೊಬ್ಬರ ಔಷಧದಿಂದ ಹತೋಟಿಗೆ ಬಂದಿತ್ತಂತೆ. “ನಿಮ್ಮ ಬಾಯಿ ಬಂದ್ ಆದ್ರ ನಮಗ ಹೊತ್ತ ಹೋಗಂಗಿಲ್ರಿ, ಒಮ್ಮೆ ಹೋಗಿ ಬರ್ರಿ” ಎಂದಳು. ಮನೆಯಲ್ಲಿ ಹೇಳದೆ ಯಾದಗಿರಿಯ ಬಸ್ಸು ಹತ್ತಿದೆ. ಆಧಾರ್ ತೋರಿಸಿ ಚೀಟಿ ಪಡೆದು ಕುಳಿತಾಗ ಕೈ ಬಿಲ್ಲೆಯ ಮೇಲಿತ್ತು. ತಿಳಿಯದೇ ಹಿಡಿದುಕೊಂಡಿದ್ದೆ.

ಡಾಕ್ಟರು ಹೆಂಗಸು. ಬಾಯಿಗೆ ಬೆಳಕು ಬಿಟ್ಟು ನೋಡಿದರು. ಕಣ್ಣು ಕೆಂಪಾಗುತ್ತದೆಯೇ, ಬೇರೆ ಕಡೆ ಹುಣ್ಣು ಬರುತ್ತದೆಯೇ, ಕೀಲು ನೋಯುತ್ತದೆಯೇ ಎಂದು ಕೇಳಿದರು. ರಕ್ತ ಪರೀಕ್ಷೆ ಮಾಡಿಸಿದರು. ಯಾವುದರಲ್ಲೂ ದೋಷ ಕಾಣಲಿಲ್ಲ. ನಾನು ಉಷ್ಣ ಎಂದೆ, ವಿಟಮಿನ್ ಎಂದೆ. ಬಿಲ್ಲೆಯ ವಿಷಯ ಎತ್ತಲಿಲ್ಲ. ಆದರೆ ಅವರ ಕಣ್ಣು ಅದರ ಮೇಲೆ ಹಾಯ್ದುಹೋಯಿತು.

“ಹೊರಗಿಂದ ಬಂದ ರೋಗ ಅಲ್ರಿ ಇದು,” ಎಂದರು. “ಒಬ್ಬರಿಂದ ಒಬ್ಬರಿಗೆ ಹತ್ತಂಗೂ ಇಲ್ಲ. ನಿಮ್ಮ ಮೈಗೆ ಯಾರೋ ವೈರಿ ಬಂದಾರ ಅಂತ ಸುಮ್ಮ ಸುಮ್ಮನ ಅನಿಸ್ತದ. ಅದು ತನ್ನ ಬಾಯಿಗೆ ತಾನ ಉರಿ ಹಚ್ಕೊಂತದ. ಆ ಉರಿ ಇಳಿಸೋ ಔಷಧ ಕೊಡ್ತೀನಿ.”

ಮೊದಲು ಹಚ್ಚುವ ಮುಲಾಮು ಕೊಟ್ಟರು. ಅದರಿಂದ ನೋವು ಇಳಿಯಿತೇ ಹೊರತು ಹೊಸ ಹುಣ್ಣು ಏಳುವುದು ನಿಲ್ಲಲಿಲ್ಲ. ಮುಂದಿನ ಸಲ ಒಂದು ಗುಳಿಗೆ ಬರೆದರು. ಭೇದಿಯಾದರೆ ಕೂಡಲೇ ಬಂದು ಹೇಳಬೇಕು, ಬೇರೆ ಯಾವ ಗುಳಿಗೆ ತೆಗೆದುಕೊಳ್ಳುವುದಿದ್ದರೂ ಕೇಳದೆ ತೆಗೆದುಕೊಳ್ಳಬಾರದು, ಒಂದು ಗುಳಿಗೆಯ ಜಾಗದಲ್ಲಿ ಎರಡು ನುಂಗುವ ಜಾಣತನ ಬೇಡ ಎಂದು ಬೆರಳೆತ್ತಿ ಹೇಳಿದರು. ಔಷಧದಂಗಡಿಯವನು ಚೀಟಿ ನೋಡಿ, “ಯಾರಿಗ್ರಿ, ಯಜಮಾನ್ರಿಗೇನು? ಕಾಲಿನ ಹೆಬ್ಬೆರಳು ಬಾತದೇನು?” ಎಂದ. ಅದು ಕೀಲುಬಾವಿನವರ ಗುಳಿಗೆಯಂತೆ. ನನ್ನ ಬಾಯಿಗೆ ಎಂದಾಗ ಅವನು ನನ್ನ ಬಾಯನ್ನು ಒಂದು ಥರ ನೋಡಿದ. ನನ್ನ ಬಾಯಿಯನ್ನು ಹಾಗೆ ನೋಡದವರೇ ಇರಲಿಲ್ಲ ಬಿಡಿ.

ಮೊದಲ ವಾರ ಹೊಟ್ಟೆ ಗುಡುಗುಟ್ಟಿತು, ಆಮೇಲೆ ತಣ್ಣಗಾಯಿತು. ಮುಂದಿನ ತಿಂಗಳು ಎರಡೇ ಹುಣ್ಣು ಎದ್ದವು. ಅದರ ಮುಂದಿನ ತಿಂಗಳು ಒಂದು, ಅದೂ ನಾಚಿಕೊಂಡು ಬಂದು ಹೋದ ಹಾಗೆ. ಆಮೇಲೆ ಬರಲೇ ಇಲ್ಲ. ಬಾಯಿ ಪೂರ್ತಿ ಮಾಯ್ದ ದಿನ ನಾನು ಪುಂಡಿ ಪಲ್ಯ, ಹಸಿಮೆಣಸಿನಕಾಯಿ, ಬಿಸಿ ರೊಟ್ಟಿ ತಿಂದದ್ದನ್ನು ಬರೆಯಲು ಹೊರಟರೆ ಪುಟ ಸಾಲದು. ಮೂಗಿನಲ್ಲಿ, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಎದ್ದೇಳಲು ಮನಸ್ಸಿರಲಿಲ್ಲ. ಅತ್ತೆ ಅಮಾವಾಸ್ಯೆಯ ಎಡೆ ಮುಟ್ಟಿತು ಎಂದು ಕೈ ಮುಗಿದರು. ಗುಳಿಗೆಯ ವಿಷಯ ಹೇಳಿದೆ. “ಗುಳಿಗೀನೂ ಅಕೀನ ಕೊಡಿಸ್ಯಾಳ” ಎಂದರು. ವಾದ ಮಾಡಲಿಲ್ಲ, ಬಾಯಲ್ಲಿ ರೊಟ್ಟಿ ಇತ್ತು.

ಆದರೆ ಹುಡುಗಿ ಹತ್ತಿರ ಬರುವುದು ನಿಂತುಹೋಯಿತು. ಒಂದೆರಡು ಸಲ ತಾನಾಗಿ ಬಂದು, “ಬಂದಿಲ್ಲೇನು?” ಎಂದು ಕೇಳಿದಳು. “ಇಲ್ಲವ್ವಾ, ಇನ್ನ ಬರಂಗಿಲ್ಲ” ಎಂದು ನಗುತ್ತ ಹೇಳಿದೆ. ಅವಳು ನಗಲಿಲ್ಲ. ಗುಳಿಗೆಯ ಪಟ್ಟಿಯನ್ನು ಎತ್ತಿ ನೋಡಿ ಇದ್ದಲ್ಲೇ ಇಟ್ಟಳು. ಆಮೇಲೆ ಹಾಸಿಗೆ ಅವಳ ಆಯಿಯ, ಎಂದರೆ ನನ್ನ ಅತ್ತೆಯ, ಕೋಣೆಗೆ ಹೋಯಿತು.

ಅವಳ ಊಟ ಕಡಿಮೆಯಾದದ್ದು ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು. ಶಾಲೆಯ ಬುತ್ತಿ ಹೋದ ಹಾಗೇ ಬರುತ್ತಿತ್ತು. ದೊಡ್ಡವಳಾಗುತ್ತಿದ್ದಾಳೆ, ಅದಕ್ಕೇ ಎಂದರು ಅತ್ತೆ. ಕೊರಳ ಎಲುಬು ಕಾಣತೊಡಗಿತು. ಮಾತಾಡುವಾಗ ಕೈ ಅಡ್ಡ ಹಿಡಿಯುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಹಲ್ಲುಜ್ಜಿ ಉಗುಳಿದ ನೀರಿನಲ್ಲಿ ರಕ್ತ ಕಂಡೆ. ಗದ್ದ ಹಿಡಿದು ಬಾಯಿ ತೆರೆಸಿದೆ. ಅವೇ ಬಿಳಿ ಚುಕ್ಕೆಗಳು, ಅವೇ ಕೆಂಪು ಗೆರೆಗಳು. ನನ್ನ ಬಾಯಿಯೇ ಅಲ್ಲಿ ಹೋಗಿ ಕೂತಿದ್ದಂತೆ ಇತ್ತು.

ಅತ್ತೆ ನೆಲದ ಮೇಲೆ ಕುಸಿದರು. “ಇಕಿನ್ನ ಬಿಟ್ಟು ಮಗಳಿಗೆ ಹತ್ಯಾಳ! ಸ್ವಂತ ಮಗಳವ್ವಾ!” ಎಂದು ಅಳತೊಡಗಿದರು. ನಾಳೆಯೇ ಕೊಡೇಕಲ್ಲಿನ ಗುಡಿಗೆ ಹೋಗಿ ಹರಕೆ ಕಟ್ಟಿ ಬರೋಣ ಎಂದರು. ನನಗೆ ಹತ್ತಿದ ಸಿಟ್ಟು ಅಷ್ಟಿಷ್ಟಲ್ಲ. ಅತ್ತೆಯ ಮೇಲಲ್ಲ, ಕೊರಳಲ್ಲಿದ್ದವಳ ಮೇಲೆ. ಮೂರು ವರ್ಷ ನೀನು ನನ್ನ ಅನ್ನ ತಿಂದೆ, ನಾನು ತಿನ್ನು ಎಂದೆ. ಈ ಕೂಸು ನಿನಗೇನು ಮಾಡಿದೆ? ಮನಸ್ಸಿನಲ್ಲೇ ಬೈದೆ. ಬೈದ ಮೇಲೆ ತಿಳಿಯಿತು, ನಾನು ಅವಳನ್ನು ಪೂರ್ತಿ ನಂಬಿಬಿಟ್ಟಿದ್ದೆ. ಗುಳಿಗೆ ನನ್ನ ಬಾಯಿಂದ ಅವಳನ್ನು ಓಡಿಸಿತು, ಅವಳು ಹೋಗಲು ಜಾಗವಿಲ್ಲದೆ ಮಗಳ ಬಾಯಿಗೆ ಬಂದಳು. ಲೆಕ್ಕ ಅಷ್ಟು ಸರಿಯಾಗಿ ಕೂರುತ್ತಿತ್ತು. ಕೊಡೇಕಲ್ಲಿಗೆ ಆಮೇಲೆ ಹೋದರಾಯಿತು ಎಂದು ಹುಡುಗಿಯ ಕೈ ಹಿಡಿದು ಯಾದಗಿರಿಯ ಬಸ್ಸು ಹತ್ತಿಸಿದೆ.

ಡಾಕ್ಟರು ಅವಳ ಬಾಯಿ ನೋಡಿದರು. ಇವಳು ನನ್ನ ಗಂಡನ ಮೊದಲ ಹೆಂಡತಿಯ ಮಗಳು ಎಂದು ಹೇಳಿದೆ. ತುಟಿಯನ್ನು ಹೊರಳಿಸಿ ಇನ್ನೊಮ್ಮೆ ನೋಡಿದರು.

“ಮನ್ಯಾಗ ಯಾರಿಗರ ಇದ್ದವೇನ್ರಿ? ಇಕಿ ತಾಯಿಗೆ?” ಎಂದು ನನ್ನನ್ನು ಕೇಳಿದರು. ನಾನು ತಡವರಿಸಿದೆ. ಉತ್ತರ ಕೊಟ್ಟವಳು ಹುಡುಗಿ.

“ಇದ್ದವು. ಅವ್ವ ಹಾಲಾಗ ರೊಟ್ಟಿ ನೆನಿಸ್ಕೊಂಡು ತಿಂತಿದ್ದಳು. ನನಗ ತೋರ್ಸ್ತಿದ್ದಳು. ನಾ ಉಫ್ ಅಂತಿದ್ದೆ.”

ಆ ಮನೆಯಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮುಚ್ಚಿಟ್ಟರು ಎನ್ನಲಾರೆ. ಹೆಂಗಸಿನ ಬಾಯಿ ಹುಣ್ಣನ್ನು ಯಾರು ನೆನಪಿಡುತ್ತಾರೆ? ಬಾಯಿಯೊಳಗೆ ನೋಡಿದವಳು ಮಾತ್ರ ನೆನಪಿಟ್ಟಿದ್ದಳು.

“ತಾಯಿಗಿದ್ರ ಮಕ್ಕಳಿಗೆ ಬರೋದು ಭಾಳ ಅದ,” ಎಂದರು ಡಾಕ್ಟರು. ಆಮೇಲೆ ಹುಡುಗಿಯ ಕಡೆ ಬಗ್ಗಿ, ದನಿ ಇಳಿಸಿ, “ಮಗಾ, ಇಲ್ಲಿ ಹಲ್ಲಿನ ಗುರುತು ಅದಾವ. ತುಟಿ ಕಡ್ಕೊಂತೀಯೇನು?” ಎಂದರು. ಹುಡುಗಿ ಬಾಯಿ ಮುಚ್ಚಿಕೊಂಡಳು. ಈ ಥರದ ಮೈಯವರು ತುಟಿ ಕಚ್ಚಿಕೊಂಡರೆ ಆ ಗಾಯವೇ ಹುಣ್ಣಾಗುತ್ತದೆ ಎಂದು ನನಗೆ ಹೇಳಿ, ಹಚ್ಚುವ ಮುಲಾಮನ್ನಷ್ಟೇ ಬರೆದುಕೊಟ್ಟರು. ಗುಳಿಗೆ ಇಷ್ಟು ಸಣ್ಣವಳಿಗೆ ಈಗಲೇ ಬೇಡ ಎಂದರು.

ಬಸ್ಸು ಭೀಮಾ ನದಿಯ ಸೇತುವೆ ಹತ್ತುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನಾನು ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಬೇಕೆಂದು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅವಳೇ ಹೇಳಿದಳು.

“ಆಯಿ ಹೇಳಿದ್ದಳು, ಅವ್ವ ನಿನ್ನ ಬಾಯಾಗ ಬರ್ತಾಳ ಅಂತ. ನೀ ಗುಳಿಗಿ ತಗೊಂಡು ಕಳಿಸಿಬಿಟ್ಟಿ. ಅಕಿ ಎಲ್ಲಿಗೆ ಹೋಗ್ಬೇಕು? ಅದಕ್ಕ ನನ್ನ ಬಾಯಾಗ ಬಾ ಅಂದೆ. ಬರಲಿಲ್ಲ. ಕಡ್ಕೊಂಡ ಮ್ಯಾಲ ಬಂದಳು.”

ಸುತ್ತ ಜನ ಮಾತಾಡುತ್ತಿದ್ದರು, ಕಂಡಕ್ಟರು ಸೀಟಿ ಊದುತ್ತಿದ್ದ. ಈ ಮಗು ಮೂರು ವರ್ಷ ನನ್ನ ಬಾಯೊಳಗೆ ಬೆಳಕು ಹಿಡಿದು ನೋಡಿದ್ದು ತನ್ನ ಅವ್ವನನ್ನು. ನನ್ನ ನೋವಿಗೆ ಕರಗುತ್ತಿದ್ದಾಳೆ ಎಂದುಕೊಂಡು ನಾನು ಖುಷಿಪಟ್ಟಿದ್ದೆನಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ಅದಕ್ಕಿಂತ ದೊಡ್ಡದಾಗಿ ಹೆದರಿಕೆಯಾಯಿತು. ಹುಣ್ಣು ಮಾಯಬೇಕು, ಇಲ್ಲದಿದ್ದರೆ ಇವಳು ಉಣ್ಣುವುದಿಲ್ಲ. ಮಾಯ್ದರೆ ಇವಳ ಅವ್ವ ಎರಡನೆಯ ಸಲ ಸಾಯುತ್ತಾಳೆ. ಅದೂ ನನ್ನ ಕೈಯಿಂದ.

ಅವ್ವ ಬಾಯಲ್ಲಿ ಇಲ್ಲ, ಅದೆಲ್ಲ ಸುಳ್ಳು ಎಂದು ಹೇಳಿಬಿಡಬಹುದಿತ್ತು. ಆದರೆ ಡಾಕ್ಟರೇ ಈಗಷ್ಟೇ ಹೇಳಿದ್ದರು, ಇದು ತಾಯಿಯಿಂದ ಬಂದದ್ದು ಎಂದು. ಅವಳೂ ಕೇಳಿಸಿಕೊಂಡಿದ್ದಳು.

ಮುಲಾಮು ಎರಡು ದಿನ ಹಾಗೇ ಇತ್ತು. ಅವಳು ಬಾಯಿ ತೆರೆಯಲಿಲ್ಲ. ಅವಳಪ್ಪ ಗದರಿದರು, ಅತ್ತೆ ರಮಿಸಿದರು. ನೀರು ನುಂಗುವಾಗಲೂ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಮೂರನೆಯ ದಿನ ಸಂಜೆ ಹೊಸ್ತಿಲಲ್ಲಿ ಅವಳ ಪಕ್ಕ ಕೂತೆ.

“ನಿನ್ನವ್ವಗ ನೀ ಉಫ್ ಅಂತಿದ್ದೆಲ್ಲ, ಯಾಕ?” ಎಂದೆ.

“ನೋಯ್ತಿತ್ತು ಅಕಿಗೆ.”

“ನಿನಗ ನೋಯೋದು ನೋಡಿದ್ರ ಅಕಿ ಏನ್ ಮಾಡ್ತಿದ್ದಳು?”

ಅವಳು ಬೆಳಕಿನ ಕಡೆ ತಿರುಗಿ ಬಾಯಿ ತೆರೆದಳು. ಅರಳೆಯಿಂದ ಒಂದೊಂದೇ ಹುಣ್ಣನ್ನು ಒತ್ತಿ ಒಣಗಿಸಿ ಮುಲಾಮು ಇಟ್ಟೆ. ಅದನ್ನು ತಿಕ್ಕಬಾರದು, ತಿಕ್ಕಿದರೆ ಮರಳು ಮರಳಾಗಿ ಉದುರುತ್ತದೆ, ಮೆಲ್ಲಗೆ ಇಟ್ಟು ಬಿಡಬೇಕು. ನಾಲಿಗೆಯ ಅಂಚಿಗೆ, ಕೆನ್ನೆಯ ಒಳಗೆ ಆಯಿತು. ಕೆಳತುಟಿಯ ಒಳಗಿನ ಸಣ್ಣದೊಂದು ಉಳಿದಿತ್ತು. ಬೆರಳು ಅಲ್ಲಿಗೆ ಹೋಗುವಷ್ಟರಲ್ಲಿ ಅವಳು ತುಟಿ ಮುಚ್ಚಿದಳು.

“ಇದಕ್ಕ ಬ್ಯಾಡ ಚಿಗವ್ವಾ. ಇದೊಂದು ಇರ್ಲಿ.”

“ಇನ್ನ ಕಡ್ಕೊಳ್ಳಂಗಿಲ್ಲ ಅಂತ ಮಾತು ಕೊಡ್ತೀಯೇನು?”

“ಕಡ್ಕೊಳ್ಳಂಗಿಲ್ಲ.”

ಟ್ಯೂಬಿನ ಮುಚ್ಚಳ ತಿರುಗಿಸಿದೆ. ಅಷ್ಟು ಸಣ್ಣ ಹುಣ್ಣು ಔಷಧ ಹಚ್ಚದಿದ್ದರೂ ಎಂಟು ಹತ್ತು ದಿನಕ್ಕೆ ತಾನಾಗಿಯೇ ಮಾಯುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ಅದನ್ನು ಅವಳಿಗೆ ಹೇಳಲಿಲ್ಲ. ಉಳಿದವು ಒಂದೊಂದಾಗಿ ಆರಿದವು. ಅವಳು ಮೊದಲು ಗಂಜಿ, ಆಮೇಲೆ ಅನ್ನ, ಆಮೇಲೆ ರೊಟ್ಟಿ ತಿಂದಳು. ತಿನ್ನುವಾಗ ಆ ಒಂದು ಹುಣ್ಣಿಗೆ ತಾಗದ ಹಾಗೆ ತುಟಿಯನ್ನು ಸ್ವಲ್ಪ ಮುಂದೆ ಮಾಡಿಕೊಳ್ಳುತ್ತಿದ್ದಳು, ಯಾರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಜಾಗ ಬಿಟ್ಟುಕೊಟ್ಟವರ ಹಾಗೆ. ನಾನು ನೋಡಿಯೂ ನೋಡದವಳಂತೆ ಬಡಿಸುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಮಂಡಕ್ಕಿ ನೆನೆಸಿ ಸುಸಲಾ ಮಾಡಿದ್ದೆ, ಹಸಿಮೆಣಸಿನಕಾಯಿ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು. ಅವಳು ಒಂದು ತುತ್ತು ತಿಂದಳು, ಎರಡು ತಿಂದಳು. ಮೂರನೆಯದನ್ನು ಅಗಿಯುವುದು ನಿಲ್ಲಿಸಿದಳು. ಕೆಳತುಟಿಯ ಒಳಗೆ ಅವಳ ನಾಲಿಗೆ ಅತ್ತ ಇತ್ತ ಹುಡುಕುತ್ತಿರುವುದು ಹೊರಗಿನಿಂದ ಕಾಣುತ್ತಿತ್ತು. ಇನ್ನೊಮ್ಮೆ ಹುಡುಕಿತು. ಕಣ್ಣಿನಿಂದ ನೀರು ಇಳಿಯತೊಡಗಿತು.

ಅತ್ತೆ ಗಾಬರಿಯಾಗಿ ತಾಟು ಸರಿಸಿದರು. “ಏನಾಯ್ತವ್ವಾ? ಇನ್ನಾ ನೋಯ್ತದೇನು?”

“ಇಲ್ಲ ಆಯಿ,” ಎಂದಳು ಹುಡುಗಿ. “ಈಗ ಎಲ್ಲೂ ನೋಯಂಗಿಲ್ಲ.”